ದೊಡ್ಡವ್ವನ ಜೊತೆ ಸ್ಟ್ರಾಸ್‌ಬರ್ಗ್‌ಗೆ, ಒಬ್ಬ ಪಾದ್ರಿಯಮ್ಮನನ್ನು ಹುಡುಕಿಕೊಂಡು

ಗುರುವಾರ: ಮಳೆ, ಕಲ್ಲುಹಾಸು, ಮುರಿದ ಗಾಲಿ

ಸ್ಟುಟ್‌ಗಾರ್ಟ್‌ನಿಂದ ಸ್ಟ್ರಾಸ್‌ಬರ್ಗ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆಯೂ ಬೇಡ. ರೈನ್ ನದಿ ದಾಟಿದರೆ ಫ್ರಾನ್ಸ್. ಗಡಿ ಬಂತು ಅಂತ ಗೊತ್ತಾಗಿದ್ದು ಮೊಬೈಲಿಗೆ ಬಂದ ಮೆಸೇಜಿನಿಂದ.

ಜೊತೆಗಿದ್ದವಳು ದೊಡ್ಡವ್ವ. ದೊಡ್ಡಪ್ಪ ಧಾರವಾಡ ಕಡೆಯ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಪಾದ್ರಿಯಾಗಿದ್ದವರು, ಈಗಿಲ್ಲ. ಕೆಲವು ವರ್ಷಕ್ಕೊಮ್ಮೆ ವರ್ಗ, ಹೋದಲ್ಲೆಲ್ಲ ಸಭೆಯ ಬಂಗಲೆ, ಬಂಗಲೆ ತುಂಬ ಜನ. ಊರಿಂದ ಕಾಲೇಜಿಗೆ ಬಂದ ಹುಡುಗರು, ಆಸ್ಪತ್ರೆಗೆ ಬಂದವರು, ಬಸ್ಸು ತಪ್ಪಿಸಿಕೊಂಡವರು, ಎಲ್ಲರೂ ಅಲ್ಲೇ ಊಟ. ಹಾಗಾಗಿ ಪಾದ್ರಿಯ ಹೆಂಡತಿಯ ಕೆಲಸ ಏನು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಗನ ಮನೆಗೆಂದು ಸ್ಟುಟ್‌ಗಾರ್ಟ್‌ಗೆ ಬಂದಿದ್ದಳು. ಹೆಂಗಸರ ಕೂಟದಲ್ಲಿ ಯಾವಾಗಲೋ ಕೇಳಿದ್ದ ಕತರೀನಾ ಝೆಲ್ ಅನ್ನೋ ಹೆಸರು, ಐನೂರು ವರ್ಷದ ಹಿಂದಿನ ಸ್ಟ್ರಾಸ್‌ಬರ್ಗಿನ ಒಬ್ಬ ಪಾದ್ರಿಯ ಹೆಂಡತಿಯದು, ಅವಳ ತಲೆಯಲ್ಲಿ ಉಳಿದುಬಿಟ್ಟಿತ್ತು. "ಪ್ಯಾರಿಸ್ ಗೀರಿಸ್ ಬ್ಯಾಡ ತಂಗಿ, ಆಕಿ ಊರು ತೋರಸು, ಸಾಕು" ಅಂದಳು. ಸರಿ ಅಂತ ಹೊರಟೆವು.

ಸೆಪ್ಟೆಂಬರ್ ಕೊನೆ. ಇಳಿದ ಕೂಡಲೇ ಮಳೆ. ನಮ್ಮ ಕಡೆಯ ಹಾಗೆ ಸುರಿದು ಮುಗಿಯುವ ಮಳೆಯಲ್ಲ, ದಿನವಿಡೀ ಜಿಟಿಜಿಟಿ. ಹಳೇ ಊರಿನ ಬೀದಿಗಳಲ್ಲಿ ಪೂರಾ ಕಲ್ಲುಹಾಸು, ಅದರ ಮೇಲೆ ದೊಡ್ಡವ್ವನ ಸೂಟ್‌ಕೇಸಿನ ಒಂದು ಗಾಲಿ ಕಿತ್ತುಹೋಯಿತು. ಅಲ್ಲಿಗೆ ಹೋಗುವವರು ಬೆನ್ನಿಗೆ ಹಾಕುವ ಚೀಲ ತಗೊಂಡು ಹೋದರೆ ಒಳ್ಳೇದು. ಅರ್ಧ ದಾರಿ ನಾನು ಅದನ್ನು ಎತ್ತಿಕೊಂಡೇ ನಡೆದೆ. ಒಳಗೆ ಏನಿದೆ ಅಂದರೆ ಚಟ್ನಿಪುಡಿ, ಗುರೆಳ್ಳು ಪುಡಿ, ಜೋಳದ ಹಿಟ್ಟು. "ಯಾರಾದರೂ ಊಟಕ್ಕ ಬಂದ್ರ?" ಅಂತ ಸಮಜಾಯಿಷಿ. ಹೋಟೆಲ್ ರೂಮಿಗೆ ಯಾರು ಊಟಕ್ಕೆ ಬರ್ತಾರೆ!

ಸಂಜೆ ಪೆಟಿಟ್ ಫ್ರಾನ್ಸ್ ಅನ್ನುವ ಭಾಗದಲ್ಲಿ ಓಡಾಡಿದೆವು. ಇಲ್ ನದಿ ಅಲ್ಲಿ ಕವಲೊಡೆದು ಹರಿಯುತ್ತದೆ. ಕಪ್ಪು ಮರದ ಚೌಕಟ್ಟಿನ ಮನೆಗಳು, ಮೊದಲು ಚರ್ಮ ಹದ ಮಾಡುವವರು ಇದ್ದ ಬೀದಿ. ನೋಡಲು ಚೆಂದ, ಜನ ವಿಪರೀತ. ರಾತ್ರಿ ಊಟಕ್ಕೆ ಫ್ಲಾಮೆಕ್ಯೂಷೆ. ಕಡಕ್ ರೊಟ್ಟಿಯ ಹಾಗೆ ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಮೇಲೆ ಕೆನೆ, ಈರುಳ್ಳಿ, ಹಂದಿಮಾಂಸದ ಚೂರು ಹಾಕಿ ಕಟ್ಟಿಗೆ ಒಲೆಯಲ್ಲಿ ಸುಡುತ್ತಾರೆ. ಬ್ರೆಡ್ ಇಡುವ ಮೊದಲು ಒಲೆ ಎಷ್ಟು ಕಾದಿದೆ ಅಂತ ನೋಡಲು ಹಳ್ಳಿಯವರು ಹಾಕುತ್ತಿದ್ದ ತಿಂಡಿ ಇದು. ಮಾಂಸ ಬೇಡ ಅಂದರೆ ಅಣಬೆ ಹಾಕಿ ಕೊಡುತ್ತಾರೆ, ಆರ್ಡರ್ ಮಾಡುವಾಗಲೇ ಹೇಳಬೇಕು ಅಷ್ಟೆ.

ತಿನ್ನುತ್ತಾ ನಾನು ಓದಿಕೊಂಡು ಬಂದಿದ್ದನ್ನು ಹೇಳಿದೆ. ಕತರೀನಾ ಈ ಊರಲ್ಲೇ 1497ರ ಆಸುಪಾಸಿನಲ್ಲಿ ಹುಟ್ಟಿದವಳು. ಬಡಗಿಯ ಮಗಳು, ಮನೆ ತುಂಬ ಮಕ್ಕಳು. ಲ್ಯಾಟಿನ್ ಬರುತ್ತಿರಲಿಲ್ಲ, ಜರ್ಮನ್ ಚೆನ್ನಾಗಿ ಓದಿ ಬರೆಯುತ್ತಿದ್ದಳು. 1523ರ ಡಿಸೆಂಬರಿನಲ್ಲಿ ಮಥೆಯುಸ್ ಝೆಲ್ ಎಂಬ ಪಾದ್ರಿಯನ್ನು ಮದುವೆಯಾದಳು. ಅವನು ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನು. ಕ್ಯಾಥೊಲಿಕ್ ಪಾದ್ರಿಗಳಿಗೆ ಮದುವೆ ಕೂಡದು, ಹಾಗಾಗಿ ಪಾದ್ರಿ ಮದುವೆಯಾಗುವುದು ಅಂದರೆ ಆಗ ಊರೇ ಹೊತ್ತಿ ಉರಿಯುವ ಸುದ್ದಿ. ಬಿಷಪ್ಪರು ಅವನಿಗೂ ಮದುವೆಯಾದ ಉಳಿದ ಪಾದ್ರಿಗಳಿಗೂ ಬಹಿಷ್ಕಾರ ಹಾಕಿದರು. ಬಾಯಿಗೆ ಬಂದ ಹಾಗೆ ಗಾಳಿಸುದ್ದಿ ಹಬ್ಬಿತು. ಕತರೀನಾ 1524ರಲ್ಲಿ ಗಂಡನ ಪರವಾಗಿ ಒಂದು ಪುಸ್ತಿಕೆ ಬರೆದು ಅಚ್ಚು ಹಾಕಿಸಿದಳು.

"ಗಂಡ ಬರಿ ಅಂದಿದ್ನಾ?" ಅಂತ ದೊಡ್ಡವ್ವ ಕೇಳಿದಳು. ಇಲ್ಲ, ಅವಳೇ ಬರೆದದ್ದು ಅಂದೆ. ಖುಷಿಯಾಗಿ ಇನ್ನೊಂದು ತುಂಡು ಹಾಕಿಸಿಕೊಂಡಳು.

ಶುಕ್ರವಾರ: ಕೆಥೆಡ್ರಲ್, ಮತ್ತು ಎರಡು ಪೀಠಗಳು

ಬೆಳಿಗ್ಗೆ ಮೋಡ ಸರಿದಿತ್ತು. ಕೆಥೆಡ್ರಲ್ ಅನ್ನು ಮೊದಲ ಸಲ ನೋಡುವವರು ದೊಡ್ಡ ಚೌಕದಿಂದ ಹೋಗಬಾರದು. ಅಂಗಡಿಗಳ ಇಕ್ಕಟ್ಟು ಓಣಿಯಿಂದ ಹೋಗಬೇಕು, ಆಗ ತಟ್ಟನೆ ಎದುರಿಗೆ ನಿಂತುಬಿಡುತ್ತದೆ. ವೋಜ್ ಬೆಟ್ಟದ ನಸುಗೆಂಪು ಕಲ್ಲು, 142 ಮೀಟರ್ ಎತ್ತರದ ಒಂದೇ ಗೋಪುರ. 1439ರಲ್ಲಿ ಮುಗಿದದ್ದು. ಇನ್ನೊಂದು ಕಟ್ಟಲೇ ಇಲ್ಲ. ಎರಡು ನೂರು ವರ್ಷಕ್ಕೂ ಜಾಸ್ತಿ, 1874ರವರೆಗೆ, ಜಗತ್ತಿನಲ್ಲಿ ಇದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ.

ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ 66 ಮೀಟರ್ ಮೇಲಿನ ಕಟ್ಟೆ ಸಿಗುತ್ತದೆ. ನಾನು ಹತ್ತಿದೆ. ದೊಡ್ಡವ್ವ ಮೊಣಕಾಲು ಸವರಿಕೊಂಡು ಕೆಳಗೇ ಕೂತಳು. ಮೇಲಿನಿಂದ ಒಂದು ಕಡೆ ಫ್ರಾನ್ಸಿನ ವೋಜ್ ಬೆಟ್ಟ, ಇನ್ನೊಂದು ಕಡೆ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್. ನಡುವಿನ ಬಯಲಲ್ಲಿ ಎಷ್ಟು ಸಲ ಸೈನ್ಯಗಳು ಆ ಕಡೆ ಈ ಕಡೆ ಓಡಾಡಿವೆಯೋ. 1870ರಿಂದ 1945ರ ಒಳಗೆ ಈ ಊರು ನಾಲ್ಕು ಸಲ ಕೈ ಬದಲಾಯಿಸಿದೆ. ಒಂದೇ ಮನೆಯಲ್ಲಿ ಅಜ್ಜಿ ಜರ್ಮನ್ ಪ್ರಜೆ, ಮಗಳು ಫ್ರೆಂಚ್ ಪ್ರಜೆ, ಇಬ್ಬರೂ ಹುಟ್ಟಿದ್ದು ಅದೇ ಕೋಣೆಯಲ್ಲಿ!

ಒಳಗೆ ಕಲ್ಲಿನ ಉಪದೇಶಪೀಠ ಇದೆ. ಗೈಲರ್ ಎಂಬ ಹೆಸರಾಂತ ಪ್ರಸಂಗಿಗೆಂದು, ಅಂದರೆ ಚರ್ಚಿನಲ್ಲಿ ಉಪದೇಶ ಮಾಡುವವನಿಗೆಂದು, 1485ರ ಹೊತ್ತಿಗೆ ಹಾನ್ಸ್ ಹಾಮರ್ ಕೆತ್ತಿದ್ದು. ಕಲ್ಲಿನಲ್ಲಿ ಕಸೂತಿ ಹಾಕಿದ್ದಾನೆ ಪುಣ್ಯಾತ್ಮ. ಮೆಟ್ಟಿಲ ಹತ್ತಿರ ಒಂದು ಸಣ್ಣ ನಾಯಿ ಮಲಗಿದೆ, ಅದು ಗೈಲರನ ನಾಯಿಯಂತೆ. ಮಕ್ಕಳೆಲ್ಲ ಅದನ್ನೇ ಮುಟ್ಟಿ ಮುಟ್ಟಿ ನುಣುಪಾಗಿದೆ.

ಮಥೆಯುಸ್ ಝೆಲ್ ಇದೇ ಕೆಥೆಡ್ರಲಿನ ಸಂತ ಲಾರೆನ್ಸ್ ಸಭೆಯ ಪಾದ್ರಿ. ಕ್ಯಾಥೊಲಿಕ್ ಚರ್ಚಿನ ಸುಧಾರಣೆಗೆ ಎದ್ದುನಿಂತ ಜರ್ಮನಿಯ ಮಾರ್ಟಿನ್ ಲೂಥರನ ವಿಚಾರ ಹೇಳಲು ಶುರು ಮಾಡಿದ ಮೇಲೆ ಈ ಕಲ್ಲಿನ ಪೀಠ ಹತ್ತಬಾರದು ಅಂತ ಬೀಗ ಹಾಕಿದರು. ಊರಿನ ಬಡಗಿಗಳು ಬಿಡ್ತಾರಾ? ಮರದ ಪೀಠವೊಂದನ್ನು ಮಾಡಿದರು. ಪ್ರಸಂಗದ ಹೊತ್ತಿಗೆ ಹೊತ್ತು ತಂದು ನಡುವೆ ಇಡುವುದು, ಮುಗಿದ ಮೇಲೆ ಹೊತ್ತುಕೊಂಡು ಹೋಗುವುದು. ಕಲ್ಲಿನದು ಈಗಲೂ ಇದೆ, ಮರದ್ದು ಇಲ್ಲ. ದೊಡ್ಡವ್ವನಿಗೆ ಮರದ ಪೀಠದ ಮೇಲೇ ಕಣ್ಣು. ಅದನ್ನು ಎಲ್ಲಿ ಇಡುತ್ತಿದ್ದರು, ಎಷ್ಟು ಜನ ಹೊರುತ್ತಿದ್ದರು ಅಂತ ಕೇಳಿ ಕೇಳಿ ಅಲ್ಲಿನ ಸ್ವಯಂಸೇವಕರೊಬ್ಬರನ್ನು ಸುಸ್ತು ಮಾಡಿದಳು. ಪಾಪ, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನಮ್ಮ ಫ್ರೆಂಚ್ ಶೂನ್ಯ.

ಮಧ್ಯಾಹ್ನ ಹನ್ನೆರಡೂವರೆಗೆ ಖಗೋಳ ಗಡಿಯಾರದ ಆಟ. ಹನ್ನೆರಡು ಮಂದಿ ಅಪೊಸ್ತಲರ ಬೊಂಬೆಗಳು ಕ್ರಿಸ್ತನ ಮುಂದೆ ಸಾಗುತ್ತವೆ, ಕೋಳಿ ಕೂಗುತ್ತದೆ. ಅದಕ್ಕೆ ಬೇರೆ ಟಿಕೆಟ್, ಬೇಗ ಹೋಗಿ ನಿಲ್ಲಬೇಕು. ಈಗಿರುವ ಯಂತ್ರ 1842ರದು. ಚೆನ್ನಾಗಿದೆ, ಆದರೆ ತಲೆಗಳ ಮಧ್ಯೆ ಕತ್ತು ಚಾಚಿ ನೋಡುವ ಕಷ್ಟಕ್ಕೆ ಅಷ್ಟೇನೂ ಅನ್ನಿಸಲಿಲ್ಲ ನನಗೆ.

ಉತ್ತರದ ಬದಿಗೆ ಸಂತ ಲಾರೆನ್ಸ್ ಬಾಗಿಲಿದೆ. ಝೆಲ್ ದಂಪತಿಯ ಮನೆ ಇಲ್ಲೇ ಪಕ್ಕದ ಬೀದಿಗಳಲ್ಲಿ ಇತ್ತು. ಮನೆ ಈಗ ನೋಡಲು ಸಿಗುವುದಿಲ್ಲ. ನಾವು ಆ ಓಣಿಗಳಲ್ಲಿ ಸುಮ್ನೆ ಎರಡು ಸುತ್ತು ಹಾಕಿದೆವು. ಒಂದು ಕಡೆ ಹೋಟೆಲಿನ ಹಿಂದಿನ ಬಾಗಿಲು ತೆಗೆದಿತ್ತು, ಒಳಗೆ ಹುಡುಗನೊಬ್ಬ ಆಲೂಗಡ್ಡೆ ರಾಶಿ ಸುಲಿಯುತ್ತಿದ್ದ. ದೊಡ್ಡವ್ವ ಅಲ್ಲೇ ನಿಂತು ಅವನ ಕೈ ನೋಡಿದಳು. ಅವನು ನಕ್ಕ. ಇವಳೂ ನಕ್ಕಳು.

ಆಮೇಲೆ ಕ್ಲೇಬರ್ ಚೌಕ. ಡಿಸೆಂಬರಿನಲ್ಲಿ ದೊಡ್ಡ ಕ್ರಿಸ್ಮಸ್ ಮರ ನಿಲ್ಲಿಸುವ ಜಾಗ, ಈಗ ಬಟ್ಟೆ ಅಂಗಡಿ, ಕಾಫಿ ಕುರ್ಚಿ. ಕತರೀನಾ ಕಾಲದಲ್ಲಿ ಇಲ್ಲಿ ಫ್ರಾನ್ಸಿಸ್ಕನ್ನರ ಮಠ ಇತ್ತು. 1525ರಲ್ಲಿ ರೈತರು ದಂಗೆ ಎದ್ದಾಗ ಝೆಲ್, ಬುಟ್ಸರ್, ಕಾಪಿಟೊ ಎಂಬ ಪಾದ್ರಿಗಳ ಜೊತೆ ಕತರೀನಾ ಕೂಡ ಆಲ್ಟೋರ್ಫ್‌ನಲ್ಲಿದ್ದ ರೈತರ ಪಾಳೆಯಕ್ಕೆ ಹೋಗಿ ಹೊಡೆದಾಟ ಬೇಡ ಅಂತ ಕೇಳಿಕೊಂಡಳು. ಯಾರೂ ಕೇಳಲಿಲ್ಲ. ಮೇ ತಿಂಗಳಲ್ಲಿ ಸಾವೆರ್ನ್ ಹತ್ತಿರ ಲೊರೇನಿನ ಡ್ಯೂಕನ ಸೈನ್ಯ ಸಾವಿರಾರು ರೈತರನ್ನು ಕೊಂದಿತು. ಹೆಂಡತಿ ಮಕ್ಕಳು, ಗಾಯಗೊಂಡವರು ಸ್ಟ್ರಾಸ್‌ಬರ್ಗ್‌ಗೆ ಓಡಿಬಂದರು, ಸುಮಾರು 3000 ಮಂದಿ. ಊರಿನ ಜನಸಂಖ್ಯೆಯೇ ಇಪ್ಪತ್ತು ಸಾವಿರ ಚಿಲ್ಲರೆ. ಬಡವರ ನಿಧಿ ನೋಡಿಕೊಳ್ಳುತ್ತಿದ್ದ ಲೂಕಾಸ್ ಹಾಕ್‌ಫುರ್ಟ್ ಜೊತೆ ಸೇರಿ ಕತರೀನಾ ಅವರನ್ನು ಈ ಮಠದಲ್ಲಿ ಇಳಿಸಿದಳು, ಮನೆ ಮನೆಯಿಂದ ಕಾಳು ಬಟ್ಟೆ ಎತ್ತಿಸಿದಳು.

ಚೌಕದ ಕಟ್ಟೆಯ ಮೇಲೆ ಕೂತು ದೊಡ್ಡವ್ವ ಪಟಪಟ ಕೇಳಿದ್ದು ಇಷ್ಟು: "ಕಟಗಿ ಎಲ್ಲಿಂದ ಬಂತು? ನೀರು ಯಾರು ಸೇದಿದ್ರು? ಭಾಂಡಿ ಯಾರು ತಿಕ್ಕಿದ್ರು?" ಇತಿಹಾಸದ ಪುಸ್ತಕಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಇರಲ್ಲ. ಅಲ್ಲಿ ಇರುವುದು ಯಾರ ವಾದ ಗೆದ್ದಿತು, ಯಾರ ವಾದ ಸೋತಿತು ಅನ್ನೋದಷ್ಟೆ. ದೊಡ್ಡವ್ವನ ಪ್ರಶ್ನೆಗಳೇ ಸರಿಯಾದ ಪ್ರಶ್ನೆ ಅಂತ ನನಗೆ ಆವತ್ತಿಂದ ಅನ್ನಿಸತೊಡಗಿತು.

ಶನಿವಾರ: ರೈನ್ ದಾಟಿ ಕೆಂಟ್ಸಿಂಗನ್‌ಗೆ

ಅಣ್ಣ, ಅಂದರೆ ದೊಡ್ಡವ್ವನ ಮಗ, ರಾತ್ರಿ ಬಂದು ಸೇರಿಕೊಂಡಿದ್ದ. ಅವನಿಗೆ ಜರ್ಮನ್ ಬರುತ್ತದೆ, ನಮ್ಮ ಕಷ್ಟ ಅರ್ಧ ಇಳಿಯಿತು.

ಬೆಳಿಗ್ಗೆ ಡಿ ಟ್ರಾಮ್ ಹಿಡಿದು ಗಡಿ ದಾಟಿದೆವು. 2017ರಿಂದ ಈ ಟ್ರಾಮ್ ರೈನ್ ದಾಟಿ ಜರ್ಮನಿಯ ಕೇಲ್ ಊರಿನವರೆಗೆ ಹೋಗುತ್ತದೆ, ಸ್ಟ್ರಾಸ್‌ಬರ್ಗಿನ ಟಿಕೆಟ್ಟೇ ಸಾಕು. ದೇಶ ದೇಶಗಳ ಸ್ನೇಹದ ಗುರುತು ಅಂತ ಭಾಷಣ ಮಾಡಿ ಉದ್ಘಾಟಿಸಿದ ಟ್ರಾಮಿನಲ್ಲಿ ಜನ ಹೋಗುವುದು ಸೋಪು, ಶಾಂಪು, ಸಿಗರೇಟು ತರಲು. ಆ ಕಡೆ ಅಗ್ಗ! ನನಗಂತೂ ಇದೇ ಸರಿಯಾದ ಸ್ನೇಹ ಅನ್ನಿಸಿತು. ಪಕ್ಕದಲ್ಲಿ ನಡೆದು ದಾಟುವವರಿಗೆ ಬೇರೆ ಸೇತುವೆ ಇದೆ, 2004ರಲ್ಲಿ ಎರಡೂ ಊರು ಸೇರಿ ಕಟ್ಟಿದ್ದು. ಬಿಸಿಲಿದ್ದರೆ ಅದರ ಮೇಲೇ ನಡೆಯಿರಿ. ನಾವು ಹೋದಾಗ ಗಾಳಿ ಜೋರಾಗಿತ್ತು.

ಕೇಲ್‌ನಿಂದ ಮೂವರಿಗೂ ಸೇರಿ ರಾಜ್ಯದ ಒಂದು ದಿನದ ಟಿಕೆಟ್ ತಗೊಂಡೆವು, ಬೇರೆ ಬೇರೆ ತಗೊಳ್ಳೋದಕ್ಕಿಂತ ಕಡಿಮೆ ಬೀಳುತ್ತದೆ. ಓಫೆನ್‌ಬರ್ಗ್‌ನಲ್ಲಿ ರೈಲು ಬದಲಿಸಿ, ಎಡಗಡೆ ಬ್ಲ್ಯಾಕ್ ಫಾರೆಸ್ಟಿನ ಗುಡ್ಡ ನೋಡುತ್ತಾ ಕೆಂಟ್ಸಿಂಗನ್ ತಲುಪಿದೆವು. ಸಣ್ಣ ಊರು. ಎಲ್ಟ್ಸ್ ನದಿ, ಹಳೇ ಟೌನ್‌ಹಾಲ್, ಒಂದು ಅಗಲ ಬೀದಿ, ಮನೆಗಳ ಕಿಟಕಿಯಲ್ಲಿ ಕೆಂಪು ಜೆರೇನಿಯಂ. ಪ್ರವಾಸಿಗರು ಅಂತ ಇದ್ದದ್ದು ನಾವೇ. ಜನ ತಿರುಗಿ ನೋಡುತ್ತಿದ್ದರು, ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಬೂಟು ಹಾಕಿದ ದೊಡ್ಡವ್ವನನ್ನು.

ಇಲ್ಲಿಗೆ ಯಾಕೆ ಬಂದೆವು ಅಂದರೆ, 1524ರಲ್ಲಿ ಈ ಊರು ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ಕೈಯಲ್ಲಿತ್ತು. ಜಾಕೋಬ್ ಓಟರ್ ಎಂಬ ಪಾದ್ರಿ ಹೊಸ ಬೋಧನೆ ಶುರು ಮಾಡಿದ, ಅರಸರ ಕಡೆಯವರು ಅವನನ್ನು ಊರು ಬಿಡಿಸಿದರು. ಅವನನ್ನು ಬೀಳ್ಕೊಡಲು ಊರಿನ ಸುಮಾರು 150 ಗಂಡಸರು ಜೊತೆಗೆ ಹೋದರು. ಅವರು ಆ ಕಡೆ ಹೋದದ್ದೇ ತಡ, ಈ ಕಡೆ ಸೈನಿಕರು ಊರು ಹಿಡಿದು ಬಾಗಿಲು ಹಾಕಿಕೊಂಡರು. ಊರಾಡಳಿತದ ಗುಮಾಸ್ತನ ತಲೆ ಕಡಿದರು. ಗಂಡಸರು ಹೊರಗೆ, ಹೆಂಗಸರು ಮಕ್ಕಳು ಒಳಗೆ.

ಹೊರಗಾದವರು ಸ್ಟ್ರಾಸ್‌ಬರ್ಗ್‌ಗೆ ನಡೆದರು. ರಸ್ತೆಯಲ್ಲಿ ಐವತ್ತು ಕಿಲೋಮೀಟರಿನ ಆಸುಪಾಸು. ಕತರೀನಾ ಮದುವೆಯಾಗಿ ಏಳೆಂಟು ತಿಂಗಳು ಅಷ್ಟೆ. ಅವರಲ್ಲಿ 80 ಜನರನ್ನು ತನ್ನ ಮನೆಯಲ್ಲೇ ಮಲಗಿಸಿದಳು. ಮುಂದೆ ಮೂರು ನಾಲ್ಕು ವಾರ ಅವಳ ಪಂಕ್ತಿಯಲ್ಲಿ ಐವತ್ತು ಅರವತ್ತು ಜನ ದಿನಾ ಊಟ ಮಾಡಿದರು.

ದೊಡ್ಡವ್ವ ಟೌನ್‌ಹಾಲಿನ ಎದುರು ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದಳು. ಅರವತ್ತು ಮಂದಿ, ದಿನಕ್ಕೆ ಎರಡು ಊಟ, ಮೂರು ವಾರ. ಎರಡೂವರೆ ಸಾವಿರ ತಾಟು! "ಒಬ್ಬಾಕಿ ಕೈಲೆ ಆಗೂದಲ್ಲ ಇದು. ಓಣಿ ಹೆಂಗಸರು ಬಂದಿರಬೇಕು. ಅವರ ಹೆಸರು ಎಲ್ಲೂ ಇಲ್ಲೇನು?" ಅಂದಳು. ನಾನು ಓದಿದ್ದರಲ್ಲಿ ಎಲ್ಲೂ ಇರಲಿಲ್ಲ.

ಆದರೆ ಕತರೀನಾ ಬರೀ ಉಣ್ಣಿಸಿ ಕೈ ತೊಳೆದುಕೊಳ್ಳಲಿಲ್ಲ. ಗೋಡೆಯ ಒಳಗೆ ಉಳಿದ ಕೆಂಟ್ಸಿಂಗನ್ ಹೆಂಗಸರಿಗೆ ಒಂದು ಪತ್ರ ಬರೆದಳು, ಅದೇ ವರ್ಷ ಅಚ್ಚಾಯಿತು ಕೂಡ. ಮುಖ ನೋಡಿರದ, ಬೇರೆ ಅರಸರ ಆಳಿಕೆಯಲ್ಲಿರುವ ಹೆಂಗಸರಿಗೆ, ಅಕ್ಕತಂಗಿಯರೇ ಅನ್ನುವ ಧಾಟಿಯಲ್ಲಿ. ಬೈಬಲಿನ ಅಬ್ರಹಾಮನಂಥ ಧೈರ್ಯ ಇಟ್ಟುಕೊಳ್ಳಿ ಅನ್ನುತ್ತಾಳೆ. ಗಂಡನನ್ನು ಕಳೆದುಕೊಂಡವಳಿಗೆ ದೇವರು ಕೊಡುವ ಸಮಾಧಾನದ ಮಾತುಗಳನ್ನು ಬೈಬಲಿನದೇ ಯೆಶಾಯನ ಪುಸ್ತಕದಿಂದ ಎತ್ತಿ ಕೊಡುತ್ತಾಳೆ. ಅಣ್ಣ ಮೊಬೈಲಿನಲ್ಲಿ ಹುಡುಕಿ ಕೆಲವು ಸಾಲು ಕನ್ನಡಕ್ಕೆ ಹೇಳುತ್ತಾ ಹೋದ, ದೊಡ್ಡವ್ವ ಕಣ್ಣು ಮುಚ್ಚಿ ಕೇಳಿದಳು. ಮಧ್ಯೆ "ಐವತ್ನಾಲ್ಕನೇ ಅಧ್ಯಾಯ" ಅಂತ ಅವಳೇ ಮುಂದಿನದು ಬಾಯಿಪಾಠ ಒಪ್ಪಿಸಿದಳು.

ಅವಳ ಬಿಪಿ ಮಾತ್ರೆಯ ಹೊತ್ತಾಗಿತ್ತು. ಹತ್ತಿರದ ಬೇಕರಿಗೆ ಹೋಗಿ ಬಿಸಿನೀರು ಕೇಳಿದೆವು. ಬಾಗಿಲು ಹಾಕುವ ಹೊತ್ತು, ಶನಿವಾರ ಸಣ್ಣ ಊರುಗಳಲ್ಲಿ ಮಧ್ಯಾಹ್ನಕ್ಕೇ ಮುಚ್ಚಿಬಿಡುತ್ತಾರೆ, ತಿನ್ನೋದು ಕುಡಿಯೋದು ಅದಕ್ಕೆ ಮೊದಲೇ ನೋಡಿಕೊಳ್ಳಬೇಕು. ಆ ಹೆಂಗಸು ಕುರ್ಚಿ ಎಳೆದು ಕೂರಿಸಿದಳು, ಪುದೀನ ಹಾಕಿದ ಬಿಸಿನೀರು ಕೊಟ್ಟಳು, ಉಳಿದಿದ್ದ ಈರುಳ್ಳಿ ಕೇಕಿನ ದೊಡ್ಡ ತುಂಡು ಬಿಸಿ ಮಾಡಿ ಇಟ್ಟಳು. ಈರುಳ್ಳಿ, ಮೊಟ್ಟೆ, ಕೆನೆ ಹಾಕಿ ಬೇಯಿಸಿದ್ದು, ಈ ತಿಂಗಳಲ್ಲಿ ಅದರ ಜೊತೆ ಇನ್ನೂ ಹುಳಿಯುತ್ತಿರುವ ಹೊಸ ವೈನ್ ಕುಡಿಯುತ್ತಾರೆ. ದುಡ್ಡು ಕೇಕಿಗೆ ಮಾತ್ರ ತಗೊಂಡಳು. ಕತರೀನಾ ಝೆಲ್ ವಿಷಯ ಅಣ್ಣ ಕೇಳಿದ. ಶಾಲೆಯಲ್ಲಿ ಕೇಳಿದ ನೆನಪು ಅಂದಳು, ಆಮೇಲೆ ಮಾತು ಪೂರ್ತಿ ಮೊಣಕಾಲು ನೋವಿನ ಕಡೆ ಹೋಯಿತು. ಇಬ್ಬರಿಗೂ ಒಂದೇ ಕಾಲು, ಎಡಗಾಲು. ಅಣ್ಣ ಅನುವಾದ ಮಾಡಿ ಮಾಡಿ ಬೇಸತ್ತ.

ವಾಪಸ್ ಬರುವಾಗ ರೈಲು ರದ್ದು. ಓಫೆನ್‌ಬರ್ಗ್ ಪ್ಲಾಟ್‌ಫಾರ್ಮಿನಲ್ಲಿ ಚಳಿಗೆ ನಡುಗುತ್ತಾ ಒಂದು ಗಂಟೆ ಕಾದೆವು. ಜರ್ಮನಿಯಲ್ಲಿ ರೈಲು ಸಮಯಕ್ಕೆ ಸರಿಯಾಗಿ ಬರುತ್ತದೆ ಅನ್ನೋದು ನಮ್ಮೂರಲ್ಲಿ ಹೇಳುವ ಕಥೆ. ಆ ಹೊತ್ತಿಗೆ ಚಟ್ನಿಪುಡಿ ಕೆಲಸಕ್ಕೆ ಬಂತು, ಒಪ್ಪಲೇಬೇಕು. ಬ್ರೆಡ್ ಮೇಲೆ ಹಾಕಿಕೊಂಡು ತಿಂದೆವು.

ಭಾನುವಾರ: ಹೆಂಗಸು ಪಾದ್ರಿ, ಸರಕಾರಿ ಪಗಾರ

ಭಾನುವಾರ ಈ ಕಡೆ ಅಂಗಡಿ ಎಲ್ಲ ಬಂದ್. ಬೆಳಿಗ್ಗೆ ಹತ್ತಿರದ ಒಂದು ಸಣ್ಣ ಪ್ರೊಟೆಸ್ಟೆಂಟ್ ಚರ್ಚಿಗೆ ಆರಾಧನೆಗೆ ಹೋದೆವು. ಸುಗ್ಗಿಯ ಹಬ್ಬ ಮಾಡುತ್ತಿದ್ದರು. ಮುಂದೆ ಕುಂಬಳಕಾಯಿ, ದ್ರಾಕ್ಷಿ, ಎಲೆಕೋಸು, ಬ್ರೆಡ್ ಜೋಡಿಸಿದ್ದರು. ದೊಡ್ಡವ್ವ ಅರಳಿಬಿಟ್ಟಳು. ಧಾರವಾಡದಲ್ಲಾದರೆ ಆರಾಧನೆ ಮುಗಿದ ಮೇಲೆ ಇದೇ ಕುಂಬಳಕಾಯಿ ಹರಾಜಿಗೆ ನಿಂತು ಐನೂರು, ಸಾವಿರ ರೂಪಾಯಿಗೆ ಏರುತ್ತದೆ. ಇಲ್ಲಿ ಹರಾಜಿಲ್ಲ, ಅದೊಂದು ಕೊರತೆ ಅಂತ ಅವಳ ತೀರ್ಪು.

ಪಾದ್ರಿ ಹೆಂಗಸು. ನಲವತ್ತರ ಆಸುಪಾಸು, ಕಪ್ಪು ನಿಲುವಂಗಿ, ಗಟ್ಟಿ ದನಿ. ನಮ್ಮಲ್ಲೂ ಈಗ ಹೆಂಗಸರು ಪಾದ್ರಿಗಳಿದ್ದಾರೆ, ಹಾಗಾಗಿ ದೊಡ್ಡವ್ವನಿಗೆ ಅದೇನು ಆಶ್ಚರ್ಯವಲ್ಲ. ಅವಳ ಪ್ರಶ್ನೆಯೇ ಬೇರೆ: "ಈಕಿ ಗಂಡ ಸಭೆಯವರಿಗೆ ಚಾ ಮಾಡ್ತಾನೇನು?" ನೋಡಿದರೆ ನಿಜಕ್ಕೂ ಆರಾಧನೆ ಮುಗಿದ ಮೇಲೆ ಕಾಫಿ ಬಗ್ಗಿಸುತ್ತಿದ್ದವನು ಅವನೇ. ದೊಡ್ಡವ್ವ ಹೋಗಿ ಅವನ ಕೈ ಕುಲುಕಿ ಬಂದಳು.

ಕಾಫಿ ಮೇಜಿನ ಹತ್ತಿರ ಒಬ್ಬ ಅಜ್ಜಿ ಸಿಕ್ಕರು, ಅಲ್ಸೇಷಿಯನ್, ಅಂದರೆ ಸ್ಟ್ರಾಸ್‌ಬರ್ಗ್ ಇರುವ ಅಲ್ಸಾಸ್ ಸೀಮೆಯ ಜರ್ಮನ್ ತರಹದ ನುಡಿ, ಮಾತಾಡುವವರು. ಅಣ್ಣನ ಜರ್ಮನ್ ಅವರಿಗೆ ಅರ್ಥವಾಯಿತು, ಅವರದು ಇವನಿಗೆ ಮುಕ್ಕಾಲು ಪಾಲು. ಅವರು ಹೇಳಿದ ಒಂದು ವಿಷಯ ಕೇಳಿ ದೊಡ್ಡವ್ವನ ಕಪ್ಪು ಕೈಯಲ್ಲೇ ನಿಂತಿತು. ಇಲ್ಲಿ ಪಾದ್ರಿಗಳಿಗೆ ಸಂಬಳ ಕೊಡುವುದು ಸರಕಾರ! ಫ್ರಾನ್ಸ್ 1905ರಲ್ಲಿ ಸರಕಾರ ಬೇರೆ ಧರ್ಮ ಬೇರೆ ಅಂತ ಕಾನೂನು ಮಾಡಿದಾಗ ಅಲ್ಸಾಸ್ ಜರ್ಮನಿಯ ಕೈಯಲ್ಲಿತ್ತು. ಮರಳಿ ಫ್ರಾನ್ಸಿಗೆ ಬಂದ ಮೇಲೂ ಹಳೇ ಕಟ್ಟಳೆ ಹಾಗೇ ಉಳಿಯಿತು. ಕ್ಯಾಥೊಲಿಕ್, ಪ್ರೊಟೆಸ್ಟೆಂಟ್, ಯಹೂದಿ, ಮೂವರ ಗುರುಗಳಿಗೂ ಸರಕಾರದ ಪಗಾರ. "ನಿಮ್ಮ ದೊಡ್ಡಪ್ಪಗ ಮೂರ್ ಮೂರ್ ತಿಂಗಳು ಪಗಾರ ಬರ್ತಿದ್ದಿಲ್ಲ" ಅಂದಳು ನನ್ನ ಕಡೆ ತಿರುಗಿ. ಆಗೆಲ್ಲ ಬಂಗಲೆಗೆ ಬಂದವರ ಊಟ ಹೇಗೆ ನಡೆಯುತ್ತಿತ್ತು ಅಂತ ಕೇಳಿದೆ. "ಕಿರಾಣಿ ಅಂಗಡಿ ಉದ್ರಿ" ಅಂದಳು, ಮತ್ತೇನೂ ಹೇಳಲಿಲ್ಲ.

ಮಧ್ಯಾಹ್ನ ಸಂತ ಥಾಮಸ್ ಚರ್ಚು. ಊರಿನ ದೊಡ್ಡ ಲೂಥರನ್ ಚರ್ಚು ಇದು. ಒಳಗೆ ಮಾರ್ಷಲ್ ಸಾಕ್ಸ್ ಎಂಬ ಸೇನಾಪತಿಯ ಸಮಾಧಿ, ಪಿಗಾಲ್ ಕೆತ್ತಿದ ಅಮೃತಶಿಲೆಯ ದೊಡ್ಡ ನಾಟಕ. ಎಲ್ಲರೂ ಅದರ ಫೋಟೊ ತೆಗೆಯುತ್ತಾರೆ. ಸಿಲ್ಬರ್‌ಮಾನ್ ಮಾಡಿದ 1741ರ ಆರ್ಗನ್ ಇದೆ, 1778ರಲ್ಲಿ ಮೊಜಾರ್ಟ್ ನುಡಿಸಿದ್ದು. ಕತರೀನಾಳ ಪ್ರತಿಮೆ ನಾವು ಓಡಾಡಿದ ಜಾಗದಲ್ಲಿ ಎಲ್ಲೂ ಕಾಣಲಿಲ್ಲ.

ಅಲ್ಲಿ ನೆನಪಾಗುವುದು ಮಾರ್ಟಿನ್ ಬುಟ್ಸರ್. ಝೆಲ್ ದಂಪತಿಯ ಮದುವೆ ಮಾಡಿಸಿದವನು, ಈ ಚರ್ಚಿನಲ್ಲೂ ಪಾದ್ರಿಯಾಗಿದ್ದವನು. 1549ರಲ್ಲಿ ಕ್ಯಾಥೊಲಿಕ್ ಚಕ್ರವರ್ತಿ ಐದನೇ ಚಾರ್ಲ್ಸನ ಒತ್ತಡಕ್ಕೆ ಅವನೂ ಪಾಲ್ ಫಾಗಿಯುಸ್ ಎಂಬ ವಿದ್ವಾಂಸನೂ ಊರು ಬಿಡಬೇಕಾಯಿತು. ಇಂಗ್ಲೆಂಡಿಗೆ ಹೊರಡುವ ಮೊದಲು ಅವರನ್ನು ಮನೆಯಲ್ಲಿ ಅಡಗಿಸಿಟ್ಟವಳು ಕತರೀನಾ. ಆಗ ಅವಳು ವಿಧವೆ, ಗಂಡ 1548ರ ಜನವರಿಯಲ್ಲಿ ತೀರಿಕೊಂಡಿದ್ದ. ಹೋಗುವಾಗ ಇಬ್ಬರೂ ಒಂದಿಷ್ಟು ಚಿನ್ನದ ನಾಣ್ಯ ಬಿಟ್ಟುಹೋದರು. ಅವಳಿಗೆ ಮುಜುಗರ. ಒಂದನ್ನು ಮನೆಗೆ ಬಂದ ನಿರಾಶ್ರಿತರಿಗೆ ನಿಮ್ಮ ಹೆಸರಲ್ಲೇ ಕೊಟ್ಟೆ ಅಂತ ಬರೆದು, ಉಳಿದದ್ದನ್ನು ವಾಪಸ್ ಕಳಿಸಿದಳು. ಉದ್ರಿ ಬರೆಸಿ ಉಣ್ಣಿಸಿದ ದೊಡ್ಡವ್ವನಿಗೆ ಇದು ಚೆನ್ನಾಗಿ ಅರ್ಥವಾಯಿತು. "ದುಡ್ಡು ಇಟ್ಟು ಹೋದ್ರ ಖಾನಾವಳಿ ಆತಲ್ಲ" ಅಂದಳು.

ಇನ್ನೊಂದು ಕಥೆ ನನಗೆ ತುಂಬ ಇಷ್ಟ. 1529ರಲ್ಲಿ ಸ್ವಿಟ್ಜರ್‌ಲೆಂಡಿನಿಂದ ಅಲ್ಲಿನ ಸುಧಾರಣೆಯ ಮುಂದಾಳುಗಳಾದ ಝ್ವಿಂಗ್ಲಿ ಮತ್ತು ಎಕೊಲಂಪಾಡಿಯುಸ್ ಜರ್ಮನಿಯ ಮಾರ್ಬರ್ಗ್‌ಗೆ ಹೊರಟಿದ್ದರು, ಲೂಥರನ ಜೊತೆ ಮಾತುಕತೆಗೆ. ದಾರಿಯಲ್ಲಿ ಕತರೀನಾ ಮನೆಯಲ್ಲಿ ತಂಗಿದರು. ಹದಿನಾಲ್ಕು ದಿನ ಅವರಿಗೆ ನಾನೇ ಅಡುಗೆಯವಳು, ನಾನೇ ಕೆಲಸದವಳು ಅಂತ ಅವಳೇ ಮುಂದೆ ಬರೆದುಕೊಂಡಿದ್ದಾಳೆ. ಎಕೊಲಂಪಾಡಿಯುಸ್ ಬಾಸೆಲ್ ಊರಿನಲ್ಲಿ ಪಾದ್ರಿಯಾಗಿದ್ದವನು, ಮೂರು ನೂರು ವರ್ಷದ ಮೇಲೆ ನಮ್ಮ ಮಂಗಳೂರು ಧಾರವಾಡಕ್ಕೆ ಮಿಶನರಿಗಳು ಹೊರಟ ಊರು. ಮಾರ್ಬರ್ಗ್‌ನಲ್ಲಿ ಈ ದೊಡ್ಡ ಮನುಷ್ಯರು ಹದಿನಾಲ್ಕು ವಿಷಯಕ್ಕೆ ಹೂಂ ಅಂದರು. ಹದಿನೈದನೆಯದರಲ್ಲಿ ಮುರಿದುಬಿತ್ತು. ಅದು ಯಾವುದು ಅಂದರೆ ಕರ್ತನ ಭೋಜನ! ಒಂದೇ ಮೇಜಿನಲ್ಲಿ ಕೂತು ರೊಟ್ಟಿ ಮುರಿಯುವ ವಿಷಯ. ಕತರೀನಾ ಈ ಜಗಳದ ಬಗ್ಗೆ ಲೂಥರನಿಗೇ ಪತ್ರ ಬರೆದು ಪ್ರೀತಿಯ ಮಾತು ಎತ್ತಿದಳು. ಅವನು 1531ರಲ್ಲಿ ಉತ್ತರ ಬರೆದ, ಪ್ರೀತಿ ಎಲ್ಲಕ್ಕಿಂತ ಮುಂದೆ, ಆದರೆ ದೇವರು ಪ್ರೀತಿಗಿಂತ ಮೇಲೆ, ಅನ್ನುವ ಅರ್ಥದಲ್ಲಿ. ಲೂಥರ್ ಬಗ್ಗೆ ನನಗೆ ಗೌರವ ಇದೆ. ಆದರೂ ಈ ಉತ್ತರ ಓದಿದರೆ ದೊಡ್ಡ ದೊಡ್ಡ ಕಮಿಟಿ ಸಭೆಗಳು ನೆನಪಾಗುತ್ತವೆ.

ಸೋಮವಾರ: ಗಂಡನ ಊರು ಕೈಸರ್ಸ್‌ಬರ್ಗ್

ಅಣ್ಣ ಕೆಲಸಕ್ಕೆ ಅಂತ ಬೆಳಿಗ್ಗೆಯೇ ಹೊರಟ. ನಾವಿಬ್ಬರೂ ಕೊಲ್ಮಾರ್‌ವರೆಗೆ ರೈಲು, ಅಲ್ಲಿಂದ ಅರ್ಧ ಗಂಟೆ ಬಸ್ಸು. ಬಸ್ಸು ಕಡಿಮೆ, ಬಂದ ಕೂಡಲೇ ವಾಪಸ್ ಬಸ್ಸಿನ ಹೊತ್ತು ನೋಡಿಟ್ಟುಕೊಳ್ಳಬೇಕು. ದಾರಿ ಉದ್ದಕ್ಕೂ ದ್ರಾಕ್ಷಿ ತೋಟ, ಕೊಯ್ಲು ನಡೆದಿತ್ತು. ಟ್ರ್ಯಾಕ್ಟರ್ ಹಿಂದೆ ನಮ್ಮ ಬಸ್ಸು ಆಮೆ ವೇಗದಲ್ಲಿ. ಯಾರೂ ಹಾರ್ನ್ ಹೊಡೆಯಲಿಲ್ಲ.

ಮಥೆಯುಸ್ ಝೆಲ್ ಹುಟ್ಟಿದ್ದು 1477ರಲ್ಲಿ ಈ ಊರಲ್ಲಿ. ಆಫ್ರಿಕಾದಲ್ಲಿ ಆಸ್ಪತ್ರೆ ಕಟ್ಟಿದ ಡಾಕ್ಟರ್ ಆಲ್ಬರ್ಟ್ ಶ್ವೈಟ್ಸರ್ ಕೂಡ ಇಲ್ಲೇ, 1875ರಲ್ಲಿ, ಪಾದ್ರಿಯ ಮನೆಯಲ್ಲಿ. ಆ ಮನೆ ಈಗ ಮ್ಯೂಸಿಯಂ. 1514ರ ಕಲ್ಲಿನ ಸೇತುವೆ, ಅದಕ್ಕೆ ಕೋಟೆಯ ಹಾಗೆ ಗೋಡೆ, ಕೆಳಗೆ ವೈಸ್ ನದಿ ಸದ್ದು ಮಾಡುತ್ತಾ ಹರಿಯುತ್ತದೆ. ಝೆಲ್ ಹೆಸರು ಕೇಳುವವರು ಯಾರೂ ಕಾಣಲಿಲ್ಲ, ಶ್ವೈಟ್ಸರ್ ಹೆಸರಿನ ಚಾಕೊಲೇಟು ಸಿಕ್ಕರೂ ಆಶ್ಚರ್ಯವಿಲ್ಲ.

ಊಟಕ್ಕೆ ಬೆಕೆಓಫ. ಕುರಿ, ದನ, ಹಂದಿ, ಮೂರೂ ಮಾಂಸ, ಆಲೂಗಡ್ಡೆ, ಈರುಳ್ಳಿ, ಬಿಳಿ ವೈನಿನಲ್ಲಿ ರಾತ್ರಿಯಿಡೀ ನೆನೆಸಿ, ಮಣ್ಣಿನ ಪಾತ್ರೆಗೆ ಹಾಕಿ, ಮುಚ್ಚಳಕ್ಕೆ ಹಿಟ್ಟು ಮೆತ್ತಿ ನಿಧಾನಕ್ಕೆ ಬೇಯಿಸುವುದು. ಹಿಂದೆ ಸೋಮವಾರ ಬಟ್ಟೆ ಒಗೆಯುವ ದಿನ. ಹೆಂಗಸರು ಬೆಳಿಗ್ಗೆ ಪಾತ್ರೆಯನ್ನು ಬೇಕರಿಯವನ ಒಲೆಯಲ್ಲಿ ಬಿಟ್ಟು ಹೋಗಿ, ಬಟ್ಟೆ ಮುಗಿಸಿ ತಗೊಂಡು ಬರುತ್ತಿದ್ದರಂತೆ. ನಾಲ್ಕು ದಿನದಲ್ಲಿ ನಾನು ಹೇಳಿದ ಎಲ್ಲ ಇತಿಹಾಸಕ್ಕಿಂತ ಇದು ದೊಡ್ಡವ್ವನಿಗೆ ಹೆಚ್ಚು ಹಿಡಿಸಿತು. ಹಿಟ್ಟು ಯಾವುದು, ಎಷ್ಟು ಹೊತ್ತು, ಎಲ್ಲ ಸನ್ನೆಯಲ್ಲೇ ಕೇಳಿದಳು. ಬಡಿಸುವ ಹುಡುಗಿ ಒಳಗಿಂದ ಅಡುಗೆಯವನನ್ನೇ ಕರೆದುಕೊಂಡು ಬಂದಳು.

ಬಸ್ಸಿಗೆ ಕಾಯುತ್ತಾ ಕತರೀನಾಳ ಕೊನೆಯ ವರ್ಷಗಳ ಮಾತು ಬಂತು. ಅವಳ ಮನೆ ಬಾಗಿಲು ಲೂಥರನ ಕಡೆಯವರಿಗೆ, ಝ್ವಿಂಗ್ಲಿ ಕಡೆಯವರಿಗೆ, ಇವರಿಬ್ಬರನ್ನೂ ಬಿಟ್ಟು ಬೇರೆ ದಾರಿ ಹಿಡಿದ ಬೋಧಕ ಶ್ವೆಂಕ್‌ಫೆಲ್ಡ್‌ನ ಹಿಂಬಾಲಕರಿಗೆ, ದೊಡ್ಡವರಾದ ಮೇಲೇ ದೀಕ್ಷಾಸ್ನಾನ ಅನ್ನುತ್ತಿದ್ದ, ಎಲ್ಲರೂ ದೂರ ಇಟ್ಟಿದ್ದ ಅನಾಬ್ಯಾಪ್ಟಿಸ್ಟರಿಗೆ, ಎಲ್ಲರಿಗೂ ತೆಗೆದಿತ್ತು. ಕ್ರಿಸ್ತನನ್ನು ಒಪ್ಪಿದವರು ಯಾರೇ ಇರಲಿ, ನಮ್ಮ ಮೇಜಿನಲ್ಲಿ ಜಾಗ ಇದೆ ಅನ್ನೋದು ಅವಳ ನಿಲುವು. ಅದೇ ಅವಳ ಮೇಲೆ ಬಂದ ದೂರು. ದೂರು ಹೇಳಿದವನು ಲುಡ್ವಿಗ್ ರಾಬುಸ್, ಹುಡುಗನಾಗಿದ್ದಾಗ ಅವಳ ಮನೆಯಲ್ಲೇ ಇದ್ದು ಉಂಡವನು, ಆಮೇಲೆ ಅವಳ ಗಂಡನ ಜಾಗಕ್ಕೇ ಪಾದ್ರಿಯಾದವನು. ಅವಳು ಬಿಡಲಿಲ್ಲ, 1557ರಲ್ಲಿ ಊರಿನ ಜನರ ಮುಂದೆ ಇಬ್ಬರ ನಡುವಿನ ಪತ್ರಗಳನ್ನೆಲ್ಲ ಅಚ್ಚು ಹಾಕಿಸಿಬಿಟ್ಟಳು. 1562ರಲ್ಲಿ ಶ್ವೆಂಕ್‌ಫೆಲ್ಡ್ ಕಡೆಯ ಹೆಂಗಸೊಬ್ಬಳು ಸತ್ತಾಗ, ಇವಳು ನಂಬಿಕೆ ಬಿಟ್ಟವಳು ಅಂತ ಹೇಳಿಯೇ ಹೂಳುತ್ತೇನೆ ಅಂದ ಪಾದ್ರಿ. ಕಾಯಿಲೆಯಲ್ಲಿದ್ದ ಕತರೀನಾ ಗಾಡಿಯಲ್ಲಿ ಹೋಗಿ, ನಸುಕಿನಲ್ಲಿ, ತಾನೇ ಆ ಶವಸಂಸ್ಕಾರ ಮಾಡಿಸಿದಳು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡಳು.

ರಾಬುಸನ ಕಥೆ ಕೇಳಿ ದೊಡ್ಡವ್ವ ಜೋರಾಗಿ ನಕ್ಕಳು. "ಉಂಡು ಹೋದವರ ಬೈಯೂದು. ಉಪಾಸ ಇದ್ದವರಿಗೆ ಬೈಯಾಕ ಶಕ್ತಿ ಎಲ್ಲಿರ್ತದ?" ಆಮೇಲೆ ಬಂಗಲೆಯಲ್ಲಿ ಇಟ್ಟುಕೊಂಡು ಓದಿಸಿದ ಒಬ್ಬ ಹುಡುಗ ದೊಡ್ಡಪ್ಪನ ಮೇಲೆ ಬಿಷಪ್ಪರಿಗೆ ಅರ್ಜಿ ಬರೆದ ಕಥೆ ಹೇಳಿದಳು. ಅದು ಇಲ್ಲಿ ಬೇಡ. ಆ ಹುಡುಗನ ಮಗಳ ಮದುವೆಗೆ ಇವಳು ಹೋಗಿ ಬಂದಿದ್ದಾಳೆ.

ಬಸ್ಸು ತಡವಾಗಿ ಬಂತು. ಕೊಲ್ಮಾರ್‌ನಲ್ಲಿ ರೈಲು ಕಣ್ಣೆದುರೇ ಹೋಯಿತು. ಬೆಂಚಿನ ಮೇಲೆ ಕೂತು, ಅಣ್ಣನಿಗೆಂದು ತಗೊಂಡಿದ್ದ ಕುಗೆಲ್‌ಹೋಫ್ ಕೇಕು ಬಿಚ್ಚಿದೆವು. ಒಣದ್ರಾಕ್ಷಿ, ಬಾದಾಮಿ ಹಾಕಿದ್ದು, ಸ್ವಲ್ಪ ಒಣ ಒಣ, ಕಾಫಿ ಬೇಕಿತ್ತು. ಮುಂದಿನ ರೈಲು ಬರುವಷ್ಟರಲ್ಲಿ ಖಾಲಿ.